ರೆಕಾರ್ಡಿನ ಎರಡನೇ ಮಗ್ಗುಲು

ಗಣಿ ಕೆಲಸಗಾರರ ವುಸಾಕಿಲೆ ಕಾಲೊನಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೇಳಿಕಳಿಸುತ್ತಿದ್ದದ್ದು ರೋಡಾ ಲೋಂಬೆಗೆ. ಪಾದ್ರಿಗೆ ಹೇಳುತ್ತಿದ್ದದ್ದು ಆಮೇಲೆ. ಅವಳು ಬಂದು, ಚಿತೇಂಗೆ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, ಹೆಂಗಸರ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತು, ಸತ್ತವರ ಹೆಸರು ಹಿಡಿದು ಅಳುಹಾಡು ತೆಗೆದಳೆಂದರೆ ಹೊರಗೆ ಬೆಂಕಿಯ ಸುತ್ತ ಕೂತ ಗಂಡಸರ ಮಾತು ನಿಲ್ಲುತ್ತಿತ್ತು. ಸತ್ತವನು ಜಿಪುಣನಾಗಿದ್ದರೆ ಅದನ್ನೂ ಹಾಡಿಗೆ ತರುತ್ತಿದ್ದಳು, ಹೆಂಡತಿಗೆ ಹೆದರುತ್ತಿದ್ದರೆ ಅದನ್ನೂ. ಅಳುತ್ತಿದ್ದವರು ಅಳುತ್ತಲೇ ನಗುತ್ತಿದ್ದರು. ಉಳಿದ ದಿನಗಳಲ್ಲಿ ಅವಳು ಕಿಟ್ವೆಯ ಆಸ್ಪತ್ರೆಯೊಂದರ ಬಟ್ಟೆ ಕೋಣೆಯಲ್ಲಿ ಹಾಸುಬಟ್ಟೆ ಮಡಚುವ ಹೆಂಗಸು, ಮಾತು ಕಮ್ಮಿ. ಮೊದಲ ಮಗನ ಹೆಸರು ಹಿಡಿದು ಎಲ್ಲರೂ ಅವಳನ್ನು ಬಾನಾ ಸಂಪಾ, ಸಂಪಾನ ತಾಯಿ, ಎಂದೇ ಕರೆಯುತ್ತಿದ್ದರು.

ಅಂಥವಳು ತನ್ನ ಗಂಡ ಸತ್ತಾಗ ಬಾಯಿ ಬಿಡಲಿಲ್ಲ.

ಗಂಡ ಜೈರೋಸನದು ತಾಮ್ರದ ಗಣಿಯಲ್ಲಿ ಸುರಂಗಗಳಿಗೆ ಮರದ ಆಸರೆ ಕೊಡುವ ಕೆಲಸ. ಒಂದು ಗುರುವಾರ ಬೆಳಗಿನ ಪಾಳಿಗೆ ಇಳಿದವನ ಮೇಲೆ ಬಂಡೆ ಕುಸಿಯಿತು. ಹೆಣ ಬಂತು, ಹೆಂಗಸರು ಮನೆ ತುಂಬಿದರು, ಎಲ್ಲರೂ ರೋಡಾಳ ಬಾಯಿಯನ್ನೇ ನೋಡುತ್ತ ಕೂತರು. ಅವಳು ಗೋಡೆಗೆ ಒರಗಿ ಮೂರು ದಿನ ಹಾಗೇ ಇದ್ದಳು. ಒಂದು ಹನಿ ಇಲ್ಲ, ಒಂದು ಸ್ವರ ಇಲ್ಲ. ಮೂರನೆಯ ದಿನ ಜೈರೋಸನ ಅಕ್ಕ ಎಸ್ನಾತಿ ಎದ್ದುನಿಂತು, ತುಂಬಿದ ಮನೆಯಲ್ಲಿ ಕೇಳಿದಳು: "ಊರೋರ ಹೆಣಕ್ಕೆಲ್ಲ ಅಳ್ತೀಯಲ್ಲ ರೋಡಾ, ನನ್ನ ತಮ್ಮ ಏನು ಪಾಪ ಮಾಡಿದ್ದ? ನಿನ್ನ ಗಂಟಲಲ್ಲಿ ಏನು ಸಿಕ್ಕಾಕೊಂಡಿದೆ, ಹೇಳು."

ರೋಡಾ ಗೋಡೆಯ ಕಡೆ ಮುಖ ತಿರುಗಿಸಿದಳು. ಕಡೆಗೆ ಗಂಡನ ಮನೆಯ ಹಿರಿಯರೊಬ್ಬರು ವಾಡಿಕೆಯಂತೆ ಅವಳ ಕೈಗೆ ಬಿಳಿ ಮಣಿ ಕಟ್ಟಿ ಸತ್ತವನ ಹಂಗಿನಿಂದ ಬಿಡಿಸಿದರು. ಎಸ್ನಾತಿ ಆ ದಿನ ಬರಲಿಲ್ಲ. ಲುವಾನ್ಶ್ಯದ ತನ್ನ ಮನೆಯಿಂದ ಐದು ವರ್ಷ ಒಂದು ಮಾತೂ ಕಳಿಸಲಿಲ್ಲ. ಆ ಐದು ವರ್ಷ ರೋಡಾ ಸಾವಿನ ಮನೆಗಳಿಗೆ ಹೋದಳು, ಕೂತಳು, ಹಾಡದೆ ಎದ್ದು ಬಂದಳು. ಕರೆಯುತ್ತಿದ್ದವರೂ ಮೆಲ್ಲಮೆಲ್ಲಗೆ ಕರೆಯುವುದನ್ನು ಬಿಟ್ಟರು.

ಸಂಪಾ ಅಷ್ಟರಲ್ಲಿ ಇಪ್ಪತ್ತೆರಡರ ಯುವಕನಾಗಿದ್ದ. ಗಣಿಯ ವರ್ಕ್‌ಶಾಪಿನಲ್ಲಿ ವಿದ್ಯುತ್ ಕೆಲಸ, ಸಂಜೆ ಗಿಟಾರು. ಇನ್ನೂ ಮೂವರನ್ನು ಸೇರಿಸಿ ರಾಕ್ ತಂಡ ಕಟ್ಟಿದ್ದ. ಗಣಿಗೆ ಆಳುಗಳನ್ನು ಇಳಿಸುವ ಲಿಫ್ಟಿಗೆ ಎಲ್ಲರೂ ಹೇಳುವ ಹೆಸರನ್ನೇ ಅದಕ್ಕಿಟ್ಟಿದ್ದರು: ಕೇಜ್. ಆಗ, ಅಂದರೆ ಎಪ್ಪತ್ನಾಲ್ಕರಲ್ಲಿ, ತಾಮ್ರದ ಊರುಗಳಲ್ಲಿ ಬೀದಿಗೊಂದು ತಂಡವಿತ್ತು; ಅಗಲ ಕಾಲಿನ ಪ್ಯಾಂಟು, ಎತ್ತರದ ಹಿಮ್ಮಡಿಯ ಬೂಟು, ಶನಿವಾರ ಕುಣಿಸುವ ಹಾಡು. ಕೇಜ್ ತಂಡದವರದು ಕುಣಿಸುವ ಹಾಡಲ್ಲ. ಪಂಪಿನ ಸದ್ದು, ಸೈರನ್ನು, ಕಾಲಿನಲ್ಲಿ ಒತ್ತಿದರೆ ಗಿಟಾರಿನ ಸ್ವರವನ್ನು ಹರಿದು ಗೊರಗುಟ್ಟಿಸುವ ಒಂದು ಪೆಟ್ಟಿಗೆ, ಎಲ್ಲವನ್ನೂ ಸೇರಿಸಿ ಕಾಲು ಗಂಟೆಯ ಉದ್ದಕ್ಕೆ ಎಳೆಯುತ್ತಿದ್ದರು. ರಾಜಧಾನಿ ಲುಸಾಕಾದ ಒಂದು ಸ್ಟುಡಿಯೋ ಅವರದೇ ಒಂದು ಪೂರ್ತಿ ರೆಕಾರ್ಡು ಮಾಡಲು ಒಪ್ಪಿತು. ಹೆಸರು 'ಪಾನ್ಶಿ'. ಕೆಳಗೆ ಎಂದರ್ಥ.

"ಅಮ್ಮ, ಎರಡನೇ ಮಗ್ಗುಲು ಪೂರ್ತಿ ಒಂದೇ ಹಾಡು," ಎಂದ ಸಂಪಾ ಒಂದು ಸಂಜೆ. "ಅದರಲ್ಲಿ ನೀನು ಅಳ್ಬೇಕು."

ರೋಡಾ ಸೊಪ್ಪು ಬಿಡಿಸುತ್ತಿದ್ದಳು. "ಯಾರು ಸತ್ತಿದಾರೆ?"

"ಯಾರೂ ಸತ್ತಿಲ್ಲ."

"ಸಾವಿಲ್ಲದೆ ಅತ್ತರೆ ಸಾವನ್ನ ಕರೆದಂಗೆ. ನಿಮ್ಮಜ್ಜಿ ಕೇಳಿದ್ರೆ ಒನಕೆ ತಗೊಂಡು ಬರೋಳು."

"ಅಪ್ಪ ಸತ್ತಿದಾನಲ್ಲ," ಎಂದ ಸಂಪಾ. "ಅಪ್ಪಂಗೆ ಯಾರೂ ಅಳ್ಲಿಲ್ಲ."

ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ನಡೆದಳು. ಮಾರನೆಯ ವಾರ ಹುರಿದ ಕಡಲೆಕಾಯಿ ಗಂಟು ಕಟ್ಟಿಕೊಂಡು ಮಗನ ಜೊತೆ ಲುಸಾಕಾ ಬಸ್ಸು ಹತ್ತಿದಳು. ಯಾಕೆ ಹತ್ತಿದೆ ಎಂದು ಮುಂದೆ ಎಷ್ಟೋ ದಿನ ತನ್ನನ್ನೇ ಕೇಳಿಕೊಂಡಳು.

ಸ್ಟುಡಿಯೋ ಎಂದರೆ ಕಿಟಕಿಗೆಲ್ಲ ಕಂಬಳಿ ಹೊದಿಸಿದ ಕೋಣೆ. ಅವಳ ಕಿವಿಗೆ ಮುಚ್ಚಳದಂಥದ್ದನ್ನು ಇಟ್ಟರು, ಎದುರಿಗೊಂದು ಮೈಕು. ಅವಳು ಕುರ್ಚಿ ಬೇಡವೆಂದು ನೆಲದ ಮೇಲೆ ಕಾಲು ಚಾಚಿ ಕೂತಳು; ಮೈಕಿನ ಕೋಲನ್ನು ತಗ್ಗಿಸಬೇಕಾಯಿತು. ಗಾಜಿನ ಆಚೆ ರೆಕಾರ್ಡು ಮಾಡುವವನು ಕೈ ಎತ್ತಿದ. ಕಿವಿಯಲ್ಲಿ ಮಗನ ಗಿಟಾರು ಶುರುವಾಯಿತು. ಬಹಳ ತಗ್ಗಿನಲ್ಲಿ, ಕೇಜ್ ಇಳಿಯುವಾಗ ಹಗ್ಗ ನರಳುವ ಹಾಗೆ.

ಮೊದಲ ಸಲ ಏನೂ ಬರಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಅವಳಿಗೆ ಗೊತ್ತಿಲ್ಲದೆ ಬಾಯಿ ತೆರೆಯಿತು. 'ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಂಡವನೇ, ಅದನ್ನ ಬಿಚ್ಚಿದ್ದು ಯಾರ ಕೈಯೋ' ಎಂದು ಶುರುವಾದದ್ದು ನಿಲ್ಲಲಿಲ್ಲ. ಜೈರೋಸನ ಗೊರಕೆ ಬಂತು, ಅವನು ಕದ್ದು ತಿನ್ನುತ್ತಿದ್ದ ಸಕ್ಕರೆ ಬಂತು, ತಂಗಳು ನ್ಶಿಮಾವನ್ನು, ಜೋಳದ ಹಿಟ್ಟಿನ ಮುದ್ದೆಯನ್ನು, ಕೆಂಡದ ಮೇಲೆ ಸುಟ್ಟು ತಿನ್ನುವ ಚಪಲ ಬಂತು. ಆಮೇಲೆ, ಐದು ವರ್ಷ ಗಂಟಲಲ್ಲಿ ಕೂತಿದ್ದದ್ದು ಬಂತು. ಆ ಗುರುವಾರ ಬೆಳಿಗ್ಗೆ ಅವರಿಬ್ಬರೂ ಜಗಳವಾಡಿದ್ದರು. ಸಂಪಾ ಎಣ್ಣೆ ಡಬ್ಬಿಗೆ ತಂತಿ ಕಟ್ಟಿ ಮಾಡಿಕೊಂಡಿದ್ದ ಗಿಟಾರನ್ನು ಜೈರೋಸ್ ತುಳಿದು ಮುರಿದಿದ್ದ. ಹುಡುಗ ಗಣಿಗೆ ಸೇರಲಿ, ಸಾಕು ಈ ಆಟ ಎಂದಿದ್ದ. ಅವಳು ಬಾಗಿಲಲ್ಲಿ ನಿಂತು ಅವನ ಬೆನ್ನಿಗೆ ಕೂಗಿದ್ದಳು: 'ನೆಲದಡಿಯೇ ನಿಂಗಿಷ್ಟ ಅಲ್ವಾ? ಹೋಗು, ಅಲ್ಲೇ ಇದ್ದುಬಿಡು!' ಗಂಡನಿಗೆ ಅವಳು ಆಡಿದ ಕೊನೆಯ ಮಾತು ಅದು. ಆ ಮಾತನ್ನು ಅವಳು ಈಗ ಹಾಡಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ, ಮೂರು ಸಲ ಹಾಡಿದಳು.

ಮುಗಿದಾಗ ಸಂಪಾ ಗಾಜಿನ ಆಚೆಯಿಂದ ಎದ್ದು ಬಂದು ಅವಳ ಪಕ್ಕ ನೆಲದ ಮೇಲೆ ಕೂತ. ಆ ಗುರುವಾರ ಅವನು ಬೆಳಗಾಗುವ ಮೊದಲೇ ಶಾಲೆಗೆ ಹೊರಟಿದ್ದ; ಗಿಟಾರು ಸಾವಿನ ಮನೆಯ ಗದ್ದಲದಲ್ಲಿ ಮುರಿಯಿತೆಂದುಕೊಂಡಿದ್ದ. ಜಗಳದ ವಿಷಯ ಅವನಿಗೆ ತಿಳಿದದ್ದೇ ಈಗ.

"ಆ ಮಾತು ತೆಗೆ ಮಗಾ," ಎಂದಳು ರೋಡಾ. "ಉಳಿದಿದ್ದು ಏನಾದ್ರೂ ಮಾಡ್ಕೋ. ಆ ಮಾತು ಮಾತ್ರ ಬೇಡ. ನಿಮ್ಮತ್ತೆ ಕಿವಿಗೆ ಬಿದ್ರೆ ನಾನೇ ಕೊಂದೆ ಅಂತಾಳೆ. ಅವಳು ಅಂದ್ರೆ ನಾನು ಇಲ್ಲ ಅನ್ನೋಕೂ ಆಗಲ್ಲ."

"ತೆಗೀತೀನಮ್ಮ," ಎಂದ ಸಂಪಾ.

ಅವಳು ಒಬ್ಬಳೇ ಬಸ್ಸಿನಲ್ಲಿ ವಾಪಸು ಬಂದಳು. ಬಸ್ಸು ಅರ್ಧ ದಾರಿ ದಾಟುವ ಹೊತ್ತಿಗೆ ಸಂಶಯ ಶುರುವಾಗಿತ್ತು. ಹಾಡಿದ್ದನ್ನು ತೆಗೆಯುವುದು ಹೇಗೆ? ಬಟ್ಟೆಯಾದರೆ ಕತ್ತರಿಸಿ ಹೊಲಿಯಬಹುದು.

ನಾಲ್ಕು ತಿಂಗಳ ನಂತರ ರೆಕಾರ್ಡು ಬಂತು. ಹೊದಿಕೆಯ ಮೇಲೆ, ತಾಮ್ರ ಕರಗಿಸಿ ಸುರಿದ ಕಪ್ಪು ಕಿಟ್ಟದ ಗುಡ್ಡದ ಚಿತ್ರ. ಸಂಪಾ ಒಂದು ಪ್ರತಿಯನ್ನು ಅಮ್ಮನ ಕೈಗಿಟ್ಟು ಅದೇ ದಿನ ತಂಡದ ಜೊತೆ ಊರೂರು ಸುತ್ತಲು ಹೊರಟ. ವ್ಯಾನು ಹೊರಗೆ ಹಾರ್ನು ಹೊಡೆಯುತ್ತಿತ್ತು. ಡ್ರಮ್ಮು ಬಾರಿಸುವವನು ಪಕ್ಕದಲ್ಲೇ ನಿಂತಿದ್ದ. ಆ ಮಾತು ತೆಗೆದೆಯಾ ಎಂದು ಕೇಳಲು ರೋಡಾಳಿಗೆ ನಾಲಿಗೆ ಏಳಲಿಲ್ಲ. ಮಗನ ರೆಕಾರ್ಡು ಪ್ಲೇಯರು ಮನೆಯಲ್ಲೇ ಇತ್ತು, ಹಾಕಿ ಕೇಳಬಹುದಿತ್ತು. ಅವಳು ರೆಕಾರ್ಡನ್ನು ಮಂಚದ ಕೆಳಗೆ ಕಂಬಳಿಯೊಳಗೆ ಸೇರಿಸಿದಳು. ಕೇಳದಿರುವವರೆಗೆ ಅದರಲ್ಲಿ ಆ ಮಾತು ಇಲ್ಲದೆಯೂ ಇರಬಹುದು.

ಆದರೆ ಉಳಿದವರು ಕೇಳದೆ ಇರುತ್ತಾರೆಯೇ? ರೇಡಿಯೋದಲ್ಲಿ ನಮ್ಮ ನಾಡಿನ ಹಾಡುಗಳನ್ನೇ ಹೆಚ್ಚು ಹಾಕಬೇಕೆಂದು ಆಗಷ್ಟೇ ಮೇಲಿನಿಂದ ಅಪ್ಪಣೆಯಾಗಿತ್ತು. ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಡೋರೀನ್ ಗೋಡೆಯಾಚೆಯಿಂದ ಕೂಗಿದಳು: "ಬಾನಾ ಸಂಪಾ, ಬಾರೇ! ರೇಡಿಯೋದಲ್ಲಿ ನೀನೇ! ಅಯ್ಯೋ, ನಿನ್ನ ಗಂಟಲು!"

ರೋಡಾ ಬಕೆಟ್ಟು ಹಿಡಿದು ನೇರ ಬೀದಿ ನಲ್ಲಿಗೆ ನಡೆದಳು. ನಲ್ಲಿಯನ್ನು ಪೂರ್ತಿ ತಿರುಗಿಸಿ, ತಗಡಿನ ಬಕೆಟ್ಟಿಗೆ ನೀರು ಬಡಿಯುವ ಸದ್ದಿಗೆ ಕಿವಿ ಕೊಟ್ಟು ನಿಂತಳು. ಬಕೆಟ್ಟು ತುಂಬಿ ಹರಿದು ಕಾಲು ತೊಯ್ದರೂ ನಿಂತೇ ಇದ್ದಳು. ವಾಪಸು ಬಂದಾಗ ಡೋರೀನಳ ಮುಖವನ್ನು ಓದಲು ನೋಡಿದಳು.

"ಹೆಂಗಿತ್ತು?"

"ನಿನ್ನ ಅಳು ಚೆನ್ನಾಗಿತ್ತಮ್ಮ. ನಿನ್ನ ಮಗಂದು ಅದೇನೋ, ನಂಗರ್ಥ ಆಗ್ಲಿಲ್ಲ. ನಮ್ಮನೆಯವ್ರು ಎದ್ದು ರೇಡಿಯೋಗೆ ಎರಡು ಗುದ್ದು ಹಾಕಿದ್ರು, ಕೆಟ್ಟೋಯ್ತು ಅಂತ."

"ನಾನೇನು ಹೇಳ್ತೀನಿ ಅದರಲ್ಲಿ? ಮಾತು ಕೇಳಿಸುತ್ತಾ?"

"ನೀನೇ ಹಾಡಿ ನನ್ನ ಕೇಳ್ತೀಯಲ್ಲೇ!" ಡೋರೀನ್ ನಕ್ಕಳು. ರೋಡಾಳೂ ನಗಲು ನೋಡಿದಳು. ಡೋರೀನಳ ಗಂಡ ರೇಡಿಯೋ ಗುದ್ದಿದ್ದು ಆ ಮಾತಿಗೆ ಮೊದಲೋ ಆಮೇಲೋ ಎಂದು ಕೇಳುವ ಬಗೆ ತೋಚಲಿಲ್ಲ.

ಅಲ್ಲಿಂದ ಮುಂದೆ ಶನಿವಾರ ಮಧ್ಯಾಹ್ನವಾಯಿತೆಂದರೆ ಅವಳು ಬಕೆಟ್ಟು ಹಿಡಿದು ನಲ್ಲಿಗೆ ಹೋಗಿಬಿಡುತ್ತಿದ್ದಳು. ಬಟ್ಟೆ ಕೋಣೆಯಲ್ಲಿ ಮಡಚಿದ ಹಾಸುಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ದಾರಿಯಲ್ಲಿ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರೆ ತನ್ನದೇ ಮಾತು ಎನಿಸುತ್ತಿತ್ತು. ಚರ್ಚಿನ ಹಿರಿಯರು ಕರೆಸಿ, "ಬೀದಿ ಬೀದೀಲಿ ಸಾವಿನ ಹಾಡು ಯಾಕಮ್ಮ?" ಎಂದಷ್ಟೇ ಕೇಳಿ ಎರಡು ತಿಂಗಳು ಚರ್ಚಿನ ಹಾಡುಗಾರರ ಗುಂಪಿನಿಂದ ಹೊರಗೆ ಕೂರಿಸಿದಾಗ ಅವಳು ಬೈಸಿಕೊಂಡು ಹೊರಬಂದು ಹಗುರಾದಳು. ಅಷ್ಟೇ ತಾನೇ? ಅವರಿಗೆ ಕೇಳಿಸಿರಲಿಕ್ಕಿಲ್ಲ. ಗೇಟು ದಾಟುವಷ್ಟರಲ್ಲಿ ಮತ್ತೆ: ಕೇಳಿಸಿಯೂ ಸಭ್ಯತೆಗೆ ಸುಮ್ಮನಿದ್ದರೆ?

ರೆಕಾರ್ಡಿನ ಗತಿಯೂ ಚೆನ್ನಾಗಿರಲಿಲ್ಲ. ಡೋರೀನ್ ಪತ್ರಿಕೆ ತಂದು ಓದಿ ಹೇಳುತ್ತಿದ್ದಳು. ಮೊದಲ ಮಗ್ಗುಲು ಪರವಾಗಿಲ್ಲ, ಎರಡನೆಯದರಲ್ಲಿ ಹುಡುಗರು ದಾರಿ ತಪ್ಪಿದ್ದಾರೆ ಎಂದು ಬರೆದಿದ್ದ ಒಬ್ಬ. 'ಹತ್ತನೆಯ ನಿಮಿಷಕ್ಕೆ ಹೆಂಗಸಿನ ಸ್ವರ ಶಿಖರಕ್ಕೇರುವ ಹೊತ್ತಿಗೆ ಸರಿಯಾಗಿ ಗಿಟಾರಿನವನು ತಗಡನ್ನು ಗರಗಸದಲ್ಲಿ ಕೊಯ್ದಂಥ ಕರ್ಕಶವನ್ನು ಅದರ ಮೇಲೆ ಸುರಿಯುತ್ತಾನೆ. ಇಂಥ ಕಂಠವನ್ನು ಹೀಗೆ ಹೂಳುವ ಹುಂಬತನ ಏಕೆ?' ಮತ್ತೊಂದು ಪತ್ರಿಕೆಗೆ ಓದುಗನೊಬ್ಬ ಕಾಗದ ಬರೆದು, ಸಿಡಿಲಿನ ಮಳೆಯಲ್ಲಿ ಹಲ್ಲು ಕೀಳಿಸಿಕೊಂಡ ಹಾಗಾಯಿತು ಎಂದಿದ್ದ. ಅಂಗಡಿಗಳಲ್ಲಿ ಜನ ರೆಕಾರ್ಡು ವಾಪಸು ತಂದು, ಎರಡನೇ ಮಗ್ಗುಲಿನಲ್ಲಿ ಒಂದು ಕಡೆ ಕೆಟ್ಟಿದೆ, ಬೇರೆ ಕೊಡಿ ಎನ್ನುತ್ತಿದ್ದರಂತೆ. ಬೇರೆಯದೂ ಅಲ್ಲೇ ಕೆಟ್ಟಿರುತ್ತಿತ್ತು. ಚಿಂಗೋಲಾದ ಸಭಾಂಗಣದಲ್ಲಿ ಕುಣಿಯಲು ಬಂದವರು ಕೂಗಾಡಿ ಬಾಟಲಿ ಎಸೆದರು. ಡ್ರಮ್ಮಿನವನ ಹುಬ್ಬು ಸೀಳಿತು. ಸಂಪಾ ಏನೂ ಸಮಜಾಯಿಷಿ ಕೊಡುತ್ತಿರಲಿಲ್ಲ. "ನಂಗೆ ಹಂಗೇ ಬೇಕಿತ್ತು," ಎನ್ನುತ್ತಿದ್ದ ಕೇಳಿದವರಿಗೆಲ್ಲ.

ರೋಡಾ ಇದನ್ನೆಲ್ಲ ಕೇಳಿಯೂ ಕೇಳದವಳಂತಿದ್ದಳು. ಮಗನ ಮೇಲೆ ಕನಿಕರವಾಗುತ್ತಿತ್ತು, ಆದರೆ ಅವಳ ಭಯಕ್ಕೆ ಒಂದೇ ಮುಖವಿತ್ತು. ಅದು ಎಸ್ನಾತಿಯ ಮುಖ. ಲುವಾನ್ಶ್ಯದಲ್ಲೂ ರೇಡಿಯೋ ಇದೆ.

ಅಕ್ಟೋಬರಿನ ಸುಡು ಬಿಸಿಲಿನಲ್ಲಿ ಬಸ್ಸಿನ ಕಂಡಕ್ಟರನೊಬ್ಬ ಮನೆ ಹುಡುಕಿಕೊಂಡು ಬಂದು ಚೀಟಿ ಕೊಟ್ಟ. ಎಸ್ನಾತಿಯದು. 'ಭಾನುವಾರ ಬರ್ತೀನಿ. ನನ್ನ ತಮ್ಮನ ಹೆಸರು ಹಿಡಿದು ಅತ್ತಿದೀಯಂತೆ. ನನ್ನ ಮುಂದೆ ಹಾಕಿ ಕೇಳಿಸು.'

ಆ ನಾಲ್ಕು ದಿನ ರೋಡಾ ಗುಡಿಸಿದ ಅಂಗಳವನ್ನೇ ಮತ್ತೆ ಮತ್ತೆ ಗುಡಿಸಿದಳು. ರೆಕಾರ್ಡನ್ನು ಮುರಿದುಬಿಡೋಣವೇ ಎಂದು ಎರಡು ಸಲ ಮಂಚದ ಕೆಳಗಿಂದ ತೆಗೆದಳು. ಊರಲ್ಲೆಲ್ಲ ಇರುವುದನ್ನು ಮನೆಯಲ್ಲಿ ಮುರಿದರೇನು ಬಂತು? ಆಗ ಊರಲ್ಲೇ ಇದ್ದ ಸಂಪಾ ಅಮ್ಮನ ಕೈಯಿಂದ ಅದನ್ನು ತೆಗೆದುಕೊಂಡು, "ಬರ್ಲಿ ಬಿಡಮ್ಮ, ಕೇಳ್ಲಿ," ಎಂದ. ತೆಗೆದೆಯಾ ಎಂದು ಆಗಲೂ ಅವಳು ಕೇಳಲಿಲ್ಲ. ಇಲ್ಲ ಎಂದುಬಿಟ್ಟರೆ ಭಾನುವಾರದವರೆಗೆ ಬದುಕುವುದು ಹೇಗೆ ಎಂಬುದೊಂದೇ ಹೆದರಿಕೆ.

ಎಸ್ನಾತಿ ಬಂದಳು. ಸ್ಥೂಲ ಮೈ, ಊದಿದ ಕಾಲು, ತಲೆಗೆ ಕರಿ ವಸ್ತ್ರ. ಕುರ್ಚಿಯಲ್ಲಿ ಕೂರದೆ ಚಾಪೆ ಕೇಳಿದಳು. ರೋಡಾ ಕೋಳಿ ಮಾಡಿ, ನ್ಶಿಮಾ ತಿರುವಿ ತಟ್ಟೆ ಮುಚ್ಚಿಟ್ಟಿದ್ದಳು. ಎಸ್ನಾತಿ ತಟ್ಟೆಯ ಕಡೆ ನೋಡಲಿಲ್ಲ.

"ಮೊದ್ಲು ಅದು. ಊಟ ಮಾಡ್ತೀನೋ ಇಲ್ವೋ ಆಮೇಲೆ ನೋಡೋಣ."

ಸಂಪಾ ಎರಡನೇ ಮಗ್ಗುಲು ಮೇಲೆ ಮಾಡಿ ಮುಳ್ಳು ಇಟ್ಟ. ಗಿಟಾರು ನರಳಿತು, ಪಂಪು ಬಡಿಯಿತು. ತನ್ನ ದನಿ ಪೆಟ್ಟಿಗೆಯಿಂದ ಬಂದಾಗ ರೋಡಾಳಿಗೆ ಬೇರೆ ಯಾರೋ ಮುದುಕಿ ಅಳುತ್ತಿದ್ದಾಳೆ ಎನಿಸಿತು. ಬೂಟಿನ ದಾರ ಬಂತು. ಗೊರಕೆ ಬಂತು. ಕದ್ದ ಸಕ್ಕರೆಗೆ ಎಸ್ನಾತಿಯ ಬಾಯಿ ಕೊಂಚ ಓರೆಯಾಯಿತು. ರೋಡಾ ಎರಡೂ ಕೈಗಳಿಂದ ಚಿತೇಂಗೆಯ ಅಂಚನ್ನು ಹಿಂಡುತ್ತಿದ್ದಳು. ಇನ್ನೊಂದು ಸಾಲು, ಇನ್ನರ್ಧ ಸಾಲು. ಬಂತು.

ಮನೆಯ ತಗಡೇ ಹರಿದು ಬಿದ್ದಂತೆ ಗಿಟಾರು ಕಿರುಚಿತು. ಎಸ್ನಾತಿ ಬೆಚ್ಚಿ ಕಿವಿ ಮುಚ್ಚಿಕೊಂಡಳು. ಆ ಕಿರುಚಾಟದ ಅಡಿಯಲ್ಲಿ ಹೆಂಗಸಿನ ದನಿಯೊಂದು ಏಳುತ್ತಿದೆ, ಬೀಳುತ್ತಿದೆ, ಏನೋ ಹೇಳುತ್ತಿದೆ, ಏನೆಂದು ತಿಳಿಯದು. ಒಂದು ಸಲ, ಎರಡು ಸಲ, ಮೂರು ಸಲ. ಮೂರನೆಯದು ಮುಗಿದದ್ದೇ ಗಿಟಾರು ನಿಂತಿತು. ಅಳು ಒಂದೇ ಉಳಿದು, ಸಣ್ಣಗಾಗಿ, ಮುಗಿಯಿತು.

ರೋಡಾ ಮಗನ ಕಡೆ ತಿರುಗಿದಳು. ಅವನು ಮುಳ್ಳು ಎತ್ತುವ ನೆವದಲ್ಲಿ ಬೆನ್ನು ತಿರುಗಿಸಿದ್ದ. ಊರೆಲ್ಲ ಹುಂಬತನ ಎಂದದ್ದು ಇದನ್ನು. ಡ್ರಮ್ಮಿನವನ ಹುಬ್ಬಿಗೆ ಬಾಟಲಿ ಬಿದ್ದದ್ದು ಇದಕ್ಕೆ. ನಡುವಿನಿಂದ ಆ ಮಾತನ್ನು ಕಿತ್ತರೆ ಹಾಡೇ ಹರಿಯುತ್ತಿತ್ತು. ಅದಕ್ಕೆ ಅವನು ತನ್ನ ಗಿಟಾರನ್ನೇ ಅದರ ಮೇಲೆ ಹೊದಿಸಿ, ಯಾರು ಏನೆಂದರೂ ನನಗೆ ಹಾಗೇ ಬೇಕಿತ್ತು ಎನ್ನುತ್ತ ತಿರುಗಿದ್ದ.

ತಾನು ಪಾರಾದೆ ಎಂದು ಅವಳಿಗೆ ಅನಿಸಬೇಕಾಗಿತ್ತು. ಆಗ ಎಸ್ನಾತಿ ಕಿವಿಯಿಂದ ಕೈ ತೆಗೆದು ಕೇಳಿದಳು: "ಅಲ್ಲಿ ಏನಂದೆ ನೀನು?"

"ಎಲ್ಲಿ ಅಕ್ಕಾ?"

"ಅದೇ, ಆ ರಾಕ್ಷಸ ಕೂಗ್ಕೊಳ್ಳೋ ಕಡೆ. ಅದರ ಕೆಳಗೆ ನೀನೇನೋ ಅಂತಿದೀಯ. ಮೂರು ಸಲ ಅಂದೆ."

"ಏನಿಲ್ಲ ಅತ್ತೆ, ಅದು ಬರೀ ಗಿಟಾರು," ಎಂದ ಸಂಪಾ ಅವಸರದಲ್ಲಿ.

"ನಿನ್ನ ಕೇಳ್ಲಿಲ್ಲ ಕಣೋ."

ಸುಳ್ಳೊಂದು ಸಿದ್ಧವಾಗಿತ್ತು. ಅವನ ಹೆಸರು ಕೂಗಿದೆ ಅಂದರೆ ಸಾಕಿತ್ತು. ರೋಡಾ ಬಾಯಿ ತೆರೆದಳು. ಮಗನ ಬೆನ್ನು ಕಂಡಿತು, ಬಗ್ಗಿದ ಕತ್ತು ಕಂಡಿತು. ಇನ್ನೂ ಎಷ್ಟು ದಿನ ಇವನ ಕೈಲಿ ಹೊದಿಸಿಕೊಂಡಿರುವುದು?

"ಹೋಗು, ಅಲ್ಲೇ ಇದ್ದುಬಿಡು ಅಂದೆ ಅಕ್ಕಾ," ಎಂದಳು. "ಅವತ್ತು ಬೆಳಿಗ್ಗೆ. ಜಗಳ ಆಗಿತ್ತು. ನೆಲದಡೀಲೇ ಇದ್ದುಬಿಡು ಅಂದೆ. ಅವನು ತಿರುಗಿ ನೋಡ್ಲಿಲ್ಲ. ಅದಕ್ಕೇ ನಂಗೆ ಅಳೋಕಾಗ್ಲಿಲ್ಲ. ನಾನೇ ಕಳಿಸಿ ನಾನೇ ಅಳೋದು ಹೆಂಗೆ?"

ಎಸ್ನಾತಿ ತಲೆಯ ಕರಿ ವಸ್ತ್ರವನ್ನು ಬಿಚ್ಚಿ ಮತ್ತೆ ಬಿಗಿದು ಕಟ್ಟಿಕೊಂಡಳು. ಹೊರಗೆ ಡೋರೀನಳ ಕೋಳಿಗಳು ಕೆದಕುವ ಸದ್ದು. ರೋಡಾ ಬಾಗಿಲ ಕಡೆ ನೋಡಿದಳು. ಈಗ ಎದ್ದು ನಿಲ್ಲುತ್ತಾಳೆ, ಬೀದಿಗೆ ಹೋಗಿ ಕೂಗುತ್ತಾಳೆ.

"ಯಾತಕ್ಕೆ ಜಗಳ?"

"ಇವನ ಗಿಟಾರಿಗೆ."

"ಹೂಂ." ಎಸ್ನಾತಿ ಸಂಪಾನನ್ನು ನೋಡಿದಳು, ರೆಕಾರ್ಡು ಪ್ಲೇಯರನ್ನು ನೋಡಿದಳು. "ನೀನಂದ ಮಾತಿಗೆ ಬಂಡೆ ಬೀಳೋದಾಗಿದ್ರೆ, ನಾನು ನನ್ನ ಗಂಡಂಗೆ ದಿನಾ ಅನ್ನೋ ಮಾತಿಗೆ ಇಷ್ಟೊತ್ತಿಗೆ ಅವನ ತಲೆ ಮೇಲೆ ಹತ್ತು ಬೆಟ್ಟ ಬಿದ್ದಿರ್ಬೇಕಿತ್ತು." ಅವಳ ದನಿಯಲ್ಲಿ ನಗುವಿರಲಿಲ್ಲ. "ಆದ್ರೆ ಐದು ವರ್ಷ ನನ್ನಿಂದ ಮುಚ್ಚಿಟ್ಟೆಯಲ್ಲ, ರೋಡಾ. ನಾನು ಏನೇನೋ ಅಂದ್ಕೊಂಡೆ. ವಿಷ ಹಾಕಿದ್ಲೋ, ಬೇರೆ ಗಂಡಸಿದಾನೋ, ಮಾಟ ಮಾಡ್ಸಿದ್ಲೋ ಅಂತ. ಒಂದೊಂದು ದಿನ ಒಂದೊಂದು. ಅದಕ್ಕೆ ನಿನ್ನ ಕ್ಷಮಿಸ್ತೀನೋ ಇಲ್ವೋ ನಂಗೊತ್ತಿಲ್ಲ."

"ಕ್ಷಮಿಸು ಅಂತ ಕೇಳೋಕೆ ಮುಖ ಇಲ್ಲ ಅಕ್ಕಾ."

"ಹಂಗಿದ್ರೆ ಕೇಳ್ಬೇಡ. ನೀರು ಕೊಡು, ಕೈ ತೊಳೀಬೇಕು."

ಅವಳು ಕೋಳಿಯ ಕಾಲು ಬಿಟ್ಟು ಕತ್ತಿನ ತುಂಡು ಆರಿಸಿ ತಿಂದಳು, ಉಪ್ಪು ಸಾಲದು ಎಂದಳು. ತಿನ್ನುತ್ತ ತಿನ್ನುತ್ತ ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳದೆ ಊಟ ಮುಗಿಸಿದಳು. ಹೊರಡುವಾಗ ರೆಕಾರ್ಡನ್ನು ಕಂಕುಳಲ್ಲಿ ಅವುಚಿಕೊಂಡಳು.

"ನಿಮ್ಮನೇಲಿ ಪ್ಲೇಯರ್ ಇಲ್ವಲ್ಲ ಅತ್ತೆ?" ಎಂದ ಸಂಪಾ.

"ಇಲ್ಲ. ಆದ್ರೂ ನನ್ನ ತಮ್ಮಂಗೆ ಅತ್ತಿದ್ದು ನನ್ನ ಮನೇಲಿರ್ಲಿ."

ಸಂಪಾ ಅವಳನ್ನು ಬಸ್ಸಿಗೆ ಬಿಟ್ಟು ಬಂದಾಗ ರೋಡಾ ತಟ್ಟೆಗಳನ್ನು ತೊಳೆಯುತ್ತಿದ್ದಳು. ಅವನೂ ಪಕ್ಕದಲ್ಲಿ ಕೂತು ಒರೆಸತೊಡಗಿದ. ಕೊನೆಯ ತಟ್ಟೆಯನ್ನು ಅವನ ಕೈಗಿಡುತ್ತ ರೋಡಾ ಎಂದಳು: "ಪೇಪರಿನೋರಿಗೆ ನಿಜ ಹೇಳ್ಬಹುದಿತ್ತಲ್ಲೋ."

"ಹೇಳಿದ್ರೆ ಮುಚ್ಚಿದ್ದಕ್ಕೇನು ಬಂತಮ್ಮ?"

ಕೇಜ್ ತಂಡ ಎರಡನೆಯ ರೆಕಾರ್ಡು ಮಾಡಲಿಲ್ಲ. ವರ್ಷ ತುಂಬುವ ಮೊದಲೇ ಒಡೆಯಿತು. ತಾಮ್ರದ ಬೆಲೆ ಬಿದ್ದು ಸಭಾಂಗಣಗಳಿಗೆ ಬೀಗ ಬೀಳತೊಡಗಿತ್ತು. ಡ್ರಮ್ಮಿನವನು ಪಾಳಿಗೆ ವಾಪಸಾದ. ಸಂಪಾ ವರ್ಕ್‌ಶಾಪಿನಲ್ಲೇ ಉಳಿದು, ಸಂಜೆ ಮದುವೆಗಳಿಗೆ ಬಾರಿಸಿದ, ಕುಣಿಸುವ ಹಾಡುಗಳನ್ನೇ. 'ಪಾನ್ಶಿ' ಯಾರ ನೆನಪಿನಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ.

ರೋಡಾ ಡಿಸೆಂಬರಿನಲ್ಲಿ, ಆಸ್ಪತ್ರೆಯ ಕಾವಲುಗಾರನೊಬ್ಬ ತೀರಿಕೊಂಡಾಗ, ಅವನ ಮನೆಗೆ ಹೋಗಿ ಕೂತಳು. ಗಂಟಲು ಮತ್ತೆ ಕಟ್ಟಿದರೆ ಎಂಬ ಹೆದರಿಕೆ. ಕಟ್ಟಲಿಲ್ಲ. ಅದಾದ ಮೇಲೆ ಮತ್ತೆ ಹತ್ತೊಂಬತ್ತು ವರ್ಷ ಅವಳು ವುಸಾಕಿಲೆಯ ಸತ್ತವರಿಗೆಲ್ಲ ಅತ್ತಳು. ಆದರೆ ಪ್ರತಿ ಸಲವೂ ಮೊದಲ ಸ್ವರ ತೆಗೆಯುವ ಮುಂಚೆ ಅವಳ ಕೈ ತಣ್ಣಗಾಗುತ್ತಿತ್ತು ಎಂದು ಪಕ್ಕದಲ್ಲಿ ಕೂರುತ್ತಿದ್ದ ಡೋರೀನ್ ಹೇಳುತ್ತಾಳೆ.

ಎಸ್ನಾತಿ ಮುಂದಿನ ಈಸ್ಟರಿಗೆ ಹೇಳದೆ ಕೇಳದೆ ಬಂದು ಒಂದು ವಾರ ಇದ್ದಳು. ಕ್ಷಮಿಸಿದೆ ಎನ್ನಲಿಲ್ಲ. ಹೆಂಗಸರಿಬ್ಬರೂ ಅಂಗಳದಲ್ಲಿ ಕೂತು ಕಡಲೆಕಾಯಿ ಸುಲಿದರು, ಬೇಯುವ ಸೊಪ್ಪಿಗೆ ಅಡುಗೆ ಸೋಡಾ ಹಾಕಬೇಕೋ ಬೇಡವೋ ಎಂದು ಬೀದಿಗೆಲ್ಲ ಕೇಳುವಂತೆ ಜಗಳವಾಡಿದರು.